ಹೂವು ಹೋದ ಮೇಲೂ ನಿಲ್ಲುವ ತೋಟ

ಎಲೆ ಉದುರುವ ಕಾಲ ಬಂತೆಂದರೆ ಪಾತಿಯನ್ನೆಲ್ಲ ನೆಲಮಟ್ಟಕ್ಕೆ ಸವರಿಬಿಡುವುದು ಹಿಮ ಬೀಳುವ ದೇಶಗಳ ಹಳೆಯ ರೂಢಿ. ಸಹಜ ಶೈಲಿಯ ತೋಟದಲ್ಲಿ ಆ ಕೆಲಸವನ್ನು ಫೆಬ್ರುವರಿ ಕೊನೆಗೆ ಮುಂದೂಡುತ್ತಾರೆ. ಒಣಗಿದ ಕಾಂಡ, ತೆನೆ, ಬೀಜದ ಗುಂಡುಗಳೇ ಅಲ್ಲಿ ಚಳಿಗಾಲದ ಅಂದ. ಹೂವಿನ ಬಣ್ಣಕ್ಕಿಂತ ಗಿಡದ ಆಕಾರಕ್ಕೆ ಹೆಚ್ಚು ಬೆಲೆ ಕೊಟ್ಟವರು ನೆದರ್ಲೆಂಡ್ಸ್‌ನ ತೋಟ ವಿನ್ಯಾಸಕ ಪೀಟ್ ಔಡಾಲ್ಫ್. ನ್ಯೂಯಾರ್ಕಿನ ಹಳೆಯ ರೈಲುಮಾರ್ಗದ ಮೇಲೆ 2009ರಲ್ಲಿ ತೆರೆದ ಹೈಲೈನ್ ಉದ್ಯಾನದಲ್ಲಿ ಯಾವ ಗಿಡ ಎಲ್ಲಿ ಎಂದು ಗೊತ್ತುಮಾಡಿದವರೂ ಅವರೇ. ಆದರೆ ಕತ್ತರಿ ಹಾಕದೆ ಬಿಟ್ಟ ಮಾತ್ರಕ್ಕೆ ಚೆಲುವು ಬಾರದು. ಗಿಡದ ಆಯ್ಕೆ ತಪ್ಪಿದರೆ ನವೆಂಬರಿನಲ್ಲಿ ಕಾಣುವುದು ಕೊಳೆತ ರಾಶಿಯೇ.

ಗಿಡ ಆರಿಸುವುದು. ಹೂ ಬಾಡಿದ ಮೇಲೆ ಕಾಂಡ ನೆಟ್ಟಗೆ ನಿಲ್ಲುತ್ತದೆಯೇ ಎಂಬುದೊಂದೇ ಪರೀಕ್ಷೆ. ಎಕಿನೇಶಿಯ, ರುಡ್ಬೆಕಿಯ, ಫ್ಲೋಮಿಸ್, ಎರಿಂಜಿಯಂ, ಎತ್ತರದ ಸೀಡಂ ಎಂಬ ಹೂಗಿಡಗಳು ಇದರಲ್ಲಿ ಗೆಲ್ಲುತ್ತವೆ. ಹುಲ್ಲುಗಳಲ್ಲಿ ಮಿಸ್ಕ್ಯಾಂಥಸ್, ಪ್ಯಾನಿಕಂ, ‘ಕಾರ್ಲ್ ಫಾರ್ಸ್ಟರ್’ ತಳಿಯ ಕ್ಯಾಲಮಾಗ್ರಾಸ್ಟಿಸ್ ನಂಬಬಹುದಾದವು. ಮೊಲಿನಿಯ ಹುಲ್ಲು ಅಕ್ಟೋಬರಿನಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿ ಮನಸೆಳೆಯುತ್ತದೆ, ಚಳಿ ಬಲಿತಾಗ ಬುಡದಲ್ಲೇ ಕಳಚಿ ಬೀಳುತ್ತದೆ. ಅದನ್ನೇ ನೆಚ್ಚಿಕೊಂಡರೆ ಜನವರಿಯಲ್ಲಿ ಪಾತಿ ಬೋಳು.

ನಾಟಿ. ಮಿಸ್ಕ್ಯಾಂಥಸ್, ಪ್ಯಾನಿಕಂಗಳ ಬೇರು ಚಿಗುರುವುದು ಮಣ್ಣು ಬೆಚ್ಚಗಾದಾಗ. ಆದ್ದರಿಂದ ವಸಂತದಲ್ಲೇ ನೆಡಿ. ತಡವಾಗಿ ನೆಟ್ಟ ಚಿಕ್ಕ ಸಸಿಗಳು ಚಳಿಗಾಲದ ತೇವದಲ್ಲಿ ಕೊಳೆಯುವುದುಂಟು. ಎತ್ತರದ ಮಿಸ್ಕ್ಯಾಂಥಸ್ ಚದರ ಮೀಟರಿಗೆ ಒಂದೇ ಸಾಕು. ಎಕಿನೇಶಿಯದಂಥವು ಏಳರಿಂದ ಒಂಬತ್ತು ಹಿಡಿಸುತ್ತವೆ. ಗೊಬ್ಬರ ಬೇಡವೇ ಬೇಡ. ಸಾರಜನಕ ಹೆಚ್ಚಾದರೆ ಕಾಂಡ ಎಳಸಾಗಿ ಉದ್ದಕ್ಕೆ ಬೆಳೆದು ಮೊದಲ ಗಾಳಿಮಳೆಗೇ ಒರಗುತ್ತದೆ. ನೆರಳಿದ್ದರೂ ಅದೇ ಗತಿ. ಸೀಡಂ ನಡುವೆ ಬಾಯಿಬಿಟ್ಟು ಬೀಳುವ ಜಾಗವಾದರೆ ಮೇ ಕೊನೆಯಲ್ಲಿ ಗಿಡದ ಮೂರನೇ ಒಂದು ಭಾಗವನ್ನು ಮೇಲಿನಿಂದ ಚಿವುಟಿ. ಹೂ ತುಸು ತಡವಾದರೂ ಕಾಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ.

ಬೆಳಕು. ಚಳಿಗಾಲದ ಸೂರ್ಯ ದಿನವಿಡೀ ತಗ್ಗಿನಲ್ಲೇ ಸಾಗುತ್ತಾನೆ. ನೋಡುವವರಿಗೂ ಬಿಸಿಲಿಗೂ ನಡುವೆ ಹುಲ್ಲು ಬರುವಂತೆ ಜಾಗ ಗೊತ್ತುಮಾಡಿದರೆ ತೆನೆಯ ಒಂದೊಂದು ಎಳೆಯೂ ಹೊಳೆಯುತ್ತದೆ. ಹಿಂದೆ ಕಡುಬಣ್ಣದ ಬೇಲಿ ಇದ್ದರೆ ಇನ್ನೂ ಚೆನ್ನ. ಬಿಳಿ ಗೋಡೆಯ ಮುಂದೆ ಒಣಹುಲ್ಲು ಕಣ್ಣಿಗೇ ಬೀಳದು.

ಅಕ್ಟೋಬರಿನಲ್ಲಿ ತೆಗೆಯಬೇಕಾದ್ದು. ಎಲ್ಲವನ್ನೂ ಬಿಡಬೇಕೆಂಬ ಹಟ ಸಲ್ಲ. ಬೂದಿರೋಗ ಹತ್ತಿದ ಫ್ಲಾಕ್ಸ್, ಚುಕ್ಕೆ ಬಿದ್ದ ಪಿಯೋನಿ ಎಲೆ, ಮುದ್ದೆಯಾಗುವ ಹೋಸ್ಟಗಳನ್ನು ತೆಗೆದುಬಿಡಿ. ಬಿಟ್ಟರೆ ಸೋಂಕು ಉಳಿದು ಮುಂದಿನ ವರ್ಷದ ಚಿಗುರಿಗೆ ತಗಲುತ್ತದೆ. ಸೋಂಪಿನ ಗಿಡ, ಗೋಲ್ಡನ್‌ರಾಡ್‌ಗಳ ಬೀಜವನ್ನು ಉದುರುವ ಮೊದಲೇ ಅರ್ಧಕ್ಕರ್ಧ ಕತ್ತರಿಸದಿದ್ದರೆ ವಸಂತವೆಲ್ಲ ಸಸಿ ಕೀಳುವುದೇ ಕೆಲಸ. ಉಳಿದ ಬೀಜ ಹಕ್ಕಿಗಳ ಪಾಲು.

ಹಗುರ ಹಿಮವನ್ನು ಕಾಂಡಗಳು ತಡೆದುಕೊಳ್ಳುತ್ತವೆ. ನೀರು ತುಂಬಿದ ಭಾರದ ಹಿಮ ಬಿದ್ದರೆ ಮುರಿದವನ್ನಷ್ಟೇ ಆಯ್ದು ತೆಗೆಯಿರಿ.

ಸವರುವುದು. ಬುಡದಲ್ಲಿ ಹೊಸ ಮೊಳಕೆ ಏಳುವ ಮೊದಲೇ ಮುಗಿಸಿ. ತಡವಾದರೆ ಹಳೆಯ ಕಡ್ಡಿಯ ಜೊತೆ ಹೊಸ ಚಿಗುರಿನ ತುದಿಯೂ ಹೋಗಿ, ಎಲೆಗಳು ಇಡೀ ಬೇಸಿಗೆ ಮೊಂಡಾಗಿ ಕಾಣುತ್ತವೆ. ಮಿಸ್ಕ್ಯಾಂಥಸ್ ಗುಂಪನ್ನು ಹಗ್ಗದಿಂದ ಬಿಗಿದು, ಕಟ್ಟಿನ ಕೆಳಗೆ, ನೆಲದಿಂದ 10ರಿಂದ 15 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಸಿವುಡು ಇಡಿಯಾಗಿ ಕೈಗೆ ಬರುತ್ತದೆ. ಅಂಚು ಚರ್ಮ ಕೊಯ್ಯುತ್ತದೆ, ಕೈಗವಸು ಹಾಕಿಕೊಳ್ಳಿ. ಟೊಳ್ಳು ಕಾಂಡದ ಗಿಡಗಳಲ್ಲಿ 30-40 ಸೆಂ.ಮೀ. ಕೂಳೆ ಬಿಟ್ಟರೆ ಗುಂಪು ಕಟ್ಟದೆ ಬಾಳುವ ಒಂಟಿ ಜೇನುಗಳಲ್ಲಿ ಕೆಲವು ಅಲ್ಲಿ ಮೊಟ್ಟೆಯಿಡುತ್ತವೆ. ಉಳಿದ ಕಡ್ಡಿಯನ್ನು ಬೆರಳುದ್ದ ತುಂಡರಿಸಿ ಪಾತಿಗೇ ಹೊದಿಸಿ, ದಪ್ಪ ಮಾತ್ರ 5 ಸೆಂ.ಮೀ. ಮೀರದಿರಲಿ. ಚಳಿಗಾಲದಲ್ಲೂ ಹಸಿರು ಉಳಿಸಿಕೊಳ್ಳುವ ಕ್ಯಾರೆಕ್ಸ್, ಸೆಸ್ಲೇರಿಯದಂಥ ಹುಲ್ಲುಗಳಿಗೆ ಈ ಬೋಳು ಕತ್ತರಿಕೆ ಆಗದು. ಒಣ ಎಳೆಯನ್ನು ಬೆರಳಿನಿಂದ ಬಾಚಿ ತೆಗೆದರೆ ಸಾಕು.

ಸವರಿದ ಹುಲ್ಲಿನ ನಡುಭಾಗ ಸತ್ತು ಸುತ್ತ ಮಾತ್ರ ಚಿಗುರುತ್ತಿದ್ದರೆ ಅದಕ್ಕೆ ವಯಸ್ಸಾಗಿದೆ. ವಸಂತದಲ್ಲಿ ಅಗೆದು, ಸನಿಕೆಯಿಂದ ಸೀಳಿ, ಅಂಚಿನ ತುಂಡುಗಳನ್ನಷ್ಟೇ ಮತ್ತೆ ನೆಡಿ.