ಸೊರೊರಿಟಿ ಸೇರಬೇಕೆ, ಬೇಡವೆ: ನಾನು ತೀರ್ಮಾನಿಸಿದ ಬಗೆ

ಪಿಯುಸಿ ಮುಗಿಸಿ ಅಮೆರಿಕಕ್ಕೆ ಓದಲು ಹೊರಟ ಹುಡುಗಿಯರು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ: “ಅಕ್ಕಾ, ಗ್ರೀಕ್ ಲೈಫ್ ಸೇರಲಾ?” ಸೇರು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. 2017ರಲ್ಲಿ ನಾನು ಏನೇನು ಕೇಳಿ ತಿಳಿದುಕೊಂಡೆ ಅನ್ನುವುದನ್ನು ಹೇಳುತ್ತೇನೆ.

ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡ ವಿದ್ಯಾರ್ಥಿ ಸಂಘಗಳಿವು. ಹುಡುಗರದು ಫ್ರಟರ್ನಿಟಿ, ಹುಡುಗಿಯರದು ಸೊರೊರಿಟಿ. ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಕಪ್ಪಾ ಆಲ್ಫಾ ಶುರುವಾದಾಗಿನಿಂದ ಈ ಪದ್ಧತಿ ಬೆಳೆದು ಬಂದಿದೆ. ನಾನು ಓದಿದ ಮಧ್ಯಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಒಂದು ಬೀದಿಯ ಉದ್ದಕ್ಕೂ ಇವರ ಮನೆಗಳೇ ಇದ್ದವು. ಸಾವಿರಾರು ಅಪರಿಚಿತರ ನಡುವೆ ಬಂದಿಳಿದ ಹದಿನೆಂಟರ ಹುಡುಗಿಗೆ ಆ ಬೀದಿ ಆಸೆ ಹುಟ್ಟಿಸುತ್ತದೆ. ನನಗೂ ಹುಟ್ಟಿಸಿತು.

ಅಪ್ಪನಿಗೆ ಮಾತ್ರ ಭಯ. ಆ ವರ್ಷ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ಪಿಯಾಟ್ಜಾ ಎಂಬ 19ರ ಹುಡುಗ ಫ್ರಟರ್ನಿಟಿಯೊಂದಕ್ಕೆ ಸೇರುವ ರಾತ್ರಿ ವಿಪರೀತ ಕುಡಿಸಿದ್ದರಿಂದ ಮೆಟ್ಟಿಲಿನಿಂದ ಬಿದ್ದಿದ್ದ. ಸುತ್ತ ಇದ್ದವರು ಗಂಟೆಗಟ್ಟಲೆ ಆಂಬ್ಯುಲೆನ್ಸ್ ಕರೆಯಲಿಲ್ಲ. ಹುಡುಗ ಉಳಿಯಲಿಲ್ಲ. ಅಪ್ಪ ಮೈಸೂರಿನಿಂದ ಫೋನ್ ಮಾಡಿ, “ಇಲ್ಲಿ ಸೇರುವಾಗ ರ‍್ಯಾಗಿಂಗ್ ಮಾಡಲ್ಲ ಅಂತ ನೀವೂ ಬರೆದುಕೊಡಬೇಕು, ನಾವೂ ಬರೆದುಕೊಡಬೇಕು. ಅಲ್ಲಿ ಯಾರು ಬರೆದುಕೊಡ್ತಾರಮ್ಮ?” ಅಂದರು. ಯುಜಿಸಿಯ 2009ರ ನಿಯಮ ಅವರ ಮನಸ್ಸಿನಲ್ಲಿತ್ತು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದನ್ನೇ ಹಿಡಿದು ಹೊರಟೆ.

ಹುಡುಗಿಯರ 26 ರಾಷ್ಟ್ರೀಯ ಸೊರೊರಿಟಿಗಳು ಒಂದೇ ಒಕ್ಕೂಟದಲ್ಲಿವೆ. ನಮ್ಮಲ್ಲಿ ಅವುಗಳ ರಿಕ್ರೂಟ್‌ಮೆಂಟ್, ಅಂದರೆ ಹೊಸ ಸದಸ್ಯರ ಆಯ್ಕೆ, ತರಗತಿಗಳು ಶುರುವಾಗುವ ಮೊದಲೇ ನಡೆಯುತ್ತಿತ್ತು. ದಿನವಿಡೀ ಮನೆಯಿಂದ ಮನೆಗೆ ಹೋಗಿ ಮಾತಾಡಬೇಕು. ಪ್ರತಿ ಸುತ್ತಿಗೂ ಮನೆಗಳು ಕಡಿಮೆಯಾಗುತ್ತಾ ಹೋಗುತ್ತವೆ. ಆ ಮಾತುಗಳಿಂದ ಏನೂ ಗೊತ್ತಾಗುವುದಿಲ್ಲ, ಎಲ್ಲರೂ ಅಂದು ಚೆನ್ನಾಗಿಯೇ ಕಾಣುತ್ತಾರೆ. ನನಗೆ ನಿಜವಾಗಿ ನೆರವಾದವಳು ನಮ್ಮ ಗುಂಪಿನ ರೋ ಗ್ಯಾಮಾ. ಹೊಸಬರನ್ನು ಕರೆದೊಯ್ಯುವ ಈ ಹಿರಿಯ ವಿದ್ಯಾರ್ಥಿನಿಯರು ಆ ವಾರ ತಮ್ಮ ಸೊರೊರಿಟಿ ಯಾವುದೆಂದು ಹೇಳುವಂತಿರಲಿಲ್ಲ. ಹಾಗಾಗಿ ಅವಳನ್ನು ನಿಸ್ಸಂಕೋಚವಾಗಿ ಕೇಳಬಹುದಿತ್ತು.

ಮೊದಲು ದುಡ್ಡಿನ ಮಾತು. ಮೊದಲ ಸೆಮಿಸ್ಟರಿನಲ್ಲಿ ಹೊಸ ಸದಸ್ಯರ ಶುಲ್ಕ, ಬ್ಯಾಡ್ಜ್, ರಾಷ್ಟ್ರೀಯ ಕಚೇರಿಗೆ ಹೋಗುವ ಹಣ ಎಲ್ಲ ಒಟ್ಟಿಗೆ ಬೀಳುತ್ತದೆ, ಮುಂದಿನ ಸೆಮಿಸ್ಟರುಗಳದು ಕಡಿಮೆ. ಆ ಮನೆಯಲ್ಲಿ ವಾಸ ಮಾಡದಿದ್ದರೂ ಮನೆಯ ಖರ್ಚಿನಲ್ಲಿ ಪಾಲು ಕೊಡಬೇಕಾಗಬಹುದು. ಎರಡನೇ ವರ್ಷ ಅಲ್ಲೇ ವಾಸ ಮಾಡಬೇಕೆಂಬ ಕರಾರು ಇದೆಯೇ? ಮೀಟಿಂಗ್ ತಪ್ಪಿಸಿದರೆ ದಂಡ ಎಷ್ಟು? ಪ್ರತಿ ಮನೆಯಲ್ಲೂ ಪಟ್ಟಿಯನ್ನು ಬರಹದಲ್ಲಿ ಕೇಳಿದೆ. ಒಂದು ಮನೆಯವರು “ಆಮೇಲೆ ಹೇಳುತ್ತೇವೆ” ಅಂದರು. ಆ ಮನೆಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ವೀಸಾ. ಇದನ್ನು ಅಲ್ಲಿ ಯಾರೂ ನಿಮಗೆ ತಾವಾಗಿ ಹೇಳುವುದಿಲ್ಲ. ಅಲ್ಲಿ ಕುಡಿಯಲು 21 ತುಂಬಿರಬೇಕು. ಸೊರೊರಿಟಿ ಮನೆಯಲ್ಲಿ ಮದ್ಯವಿಲ್ಲದಿದ್ದರೂ ಪಾರ್ಟಿ ನಡೆಯುವುದು ಫ್ರಟರ್ನಿಟಿ ಮನೆಯಲ್ಲಿ. ಪೊಲೀಸ್ ಕೇಸಾದರೆ ಅಮೆರಿಕದ ಗೆಳತಿ ದಂಡ ಕಟ್ಟಿ ಮನೆಗೆ ಹೋದಾಳು, ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಅದು ಮುಂದಿನ ವೀಸಾ ಸಂದರ್ಶನದವರೆಗೂ ಹಿಂದೆ ಬರುತ್ತದೆ. ಓದಿನ ಹೊರೆ ಇಳಿಸೋಣ ಅಂದರೆ ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯುವಂತಿಲ್ಲ.

ಕೊನೆಯ ಸುತ್ತು ಮುಗಿದ ಮೇಲೆ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಹಾಕಿದ ಮೇಲೆ ಬಂದ ಬಿಡ್ (ಸೇರಲು ಬರುವ ಆಹ್ವಾನ) ಬೇಡವೆಂದರೆ ಅದೇ ಕ್ಯಾಂಪಸ್ಸಿನಲ್ಲಿ ಆ 26ರ ಪೈಕಿ ಬೇರೊಂದನ್ನು ಸೇರಲು ಮುಂದಿನ ವರ್ಷದ ರಿಕ್ರೂಟ್‌ಮೆಂಟ್ ತನಕ ಕಾಯಬೇಕು. ನನ್ನ ಕೈಯಲ್ಲಿ ಉಳಿದಿದ್ದ ಎರಡೂ ಮನೆಗಳಲ್ಲಿ ಎರಡನೇ ವರ್ಷ ವಾಸದ ಕರಾರಿತ್ತು. ಅಪ್ಪನ ಬ್ಯಾಂಕ್ ಸಾಲದಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊನೆಯ ಸುತ್ತಿಗೆ ಮೊದಲೇ ಹಿಂದೆ ಸರಿದೆ. ಅಲ್ಲಿನ ಹುಡುಗಿಯರು ಒಳ್ಳೆಯವರು, ಕೆಲವರು ಇಂದಿಗೂ ಸ್ನೇಹಿತೆಯರು.

ವಸಂತದ ಸೆಮಿಸ್ಟರಿನಲ್ಲಿ ಆಲ್ಫಾ ಫೈ ಒಮೆಗಾ ಸೇರಿದೆ. 1925ರಲ್ಲಿ ಲಫಾಯೆಟ್ ಕಾಲೇಜಿನಲ್ಲಿ ಸ್ಕೌಟ್ ಆದರ್ಶದ ಮೇಲೆ ಶುರುವಾದ ಸೇವಾ ಫ್ರಟರ್ನಿಟಿ ಅದು. 1976ರಿಂದ ಹುಡುಗಿಯರಿಗೂ ಪ್ರವೇಶವಿದೆ. ನಮ್ಮಲ್ಲಿ ಅದಕ್ಕೆ ಮನೆ ಇರಲಿಲ್ಲ, ಶುಲ್ಕವೂ ಕಡಿಮೆ. ಶನಿವಾರ ಬೆಳಿಗ್ಗೆ ಫುಡ್ ಬ್ಯಾಂಕಿನಲ್ಲಿ ಅಕ್ಕಿ, ಬೀನ್ಸ್ ಡಬ್ಬ ಜೋಡಿಸುತ್ತಾ ಆದ ಸ್ನೇಹ ನನಗೆ ಒಗ್ಗಿತು. ಮಾತು ಹುಡುಕಬೇಕಾಗಿರಲಿಲ್ಲ, ಕೈಗೆ ಕೆಲಸವಿತ್ತು.

ದಕ್ಷಿಣ ಏಷ್ಯಾ ಮೂಲದವರು ಕಟ್ಟಿದ ಸೊರೊರಿಟಿಗಳೂ ಇವೆ. ಡೆಲ್ಟಾ ಫೈ ಒಮೆಗಾ, ಕಪ್ಪಾ ಫೈ ಗ್ಯಾಮಾ, ಸಿಗ್ಮಾ ಸಿಗ್ಮಾ ರೋ ಮೂರೂ 1998ರಲ್ಲೇ ಹುಟ್ಟಿದವು. ಇಂಥದ್ದೊಂದು ನಮ್ಮಲ್ಲೂ ಇತ್ತು, ಆದರೆ ಅವರ ಮೀಟಿಂಗೂ ನನ್ನ ಕೆಮಿಸ್ಟ್ರಿ ಲ್ಯಾಬೂ ಒಂದೇ ಹೊತ್ತಿಗೆ ಬೀಳುತ್ತಿದ್ದವು.

ಅಪ್ಪ ಕೇಳಿದ ಪ್ರಶ್ನೆಗೆ ಈಗ ಸ್ವಲ್ಪ ಉತ್ತರ ಸಿಕ್ಕಿದೆ. 2024ರ ಡಿಸೆಂಬರಿನಲ್ಲಿ ಕಾನೂನಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಪ್ರಕಾರ, ಹೊಸಬರಿಗೆ ಹಿಂಸೆ ಕೊಟ್ಟು ತಪ್ಪಿತಸ್ಥರೆಂದು ಕಂಡುಬಂದ ಸಂಘಗಳ ಹೆಸರನ್ನು ಕಾಲೇಜುಗಳು ಬಹಿರಂಗವಾಗಿ ಪ್ರಕಟಿಸಬೇಕು. ಟೆಕ್ಸಾಸಿನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗಳು ದಕ್ಷಿಣ ಏಷ್ಯಾದವರ ಸೊರೊರಿಟಿಗೆ ಸೇರುತ್ತೇನೆ ಅಂದಾಗ ಆ ವರದಿ ನೋಡಲು ಹೇಳಿದೆ. ಶುಲ್ಕದ ಪಟ್ಟಿ ಕೇಳಿದ ದಿನವೇ ಅವಳ ಕೈಸೇರಿತು. ಚಿಕ್ಕಪ್ಪ ಎರಡನ್ನೂ ತಾವೇ ಓದಿ, ಹೊಸ ಸದಸ್ಯರ ಅವಧಿಯಲ್ಲಿ ಪ್ರತಿ ರಾತ್ರಿ ಮನೆಗೆ ಫೋನ್ ಮಾಡಬೇಕೆಂದು ಹೇಳಿ ಹಣ ಕಳಿಸಿದರು.