ಎಡಗಡೆ ಬ್ರೇಕ್ ಲೈಟು, ನಾಲ್ಕು ಬಲ್ಬು, ಒಂದು ಗಜ ವೈರು

ನಾನೇ ರಿಪೇರಿ ಮಾಡಿ ಹದಿನಾಲ್ಕು ತಿಂಗಳಾಯಿತು. ಒಂದು ಪೂರ್ತಿ ಮಳೆಗಾಲವೂ ಕಳೆಯಿತು. ನನ್ನ ಕಾರಿನ ಎಡಗಡೆ ಬ್ರೇಕ್ ಲೈಟ್ ಇನ್ನೂ ಹತ್ತುತ್ತಿದೆ. ಇಷ್ಟು ದಿನ ಬರೆಯದೆ ಕಾದಿದ್ದು ಇದಕ್ಕೇ. ಎರಡನೇ ತಿಂಗಳಿಗೇ ಬರೆದು, ಮೂರನೇ ತಿಂಗಳಿಗೆ ಲೈಟ್ ಆರಿಬಿಟ್ಟಿದ್ದರೆ ನನ್ನ ಹೆಂಡತಿಯ ತಮ್ಮ ಊರೆಲ್ಲ ಹೇಳಿಕೊಂಡು ನಗುತ್ತಿದ್ದ.

ಕಾರು 2011ರ ಸಣ್ಣ ಹ್ಯಾಚ್‌ಬ್ಯಾಕ್. ಮನೆ ಹುಬ್ಬಳ್ಳಿಯ ನವನಗರದಲ್ಲಿ. ವಾರಕ್ಕೆ ಮೂರು ಸಲ ಗದಗಿಗೆ ಹೋಗಿ ಬರುತ್ತೇನೆ, ಎರಡೂ ಕಡೆ ಸೇರಿ 130 ಕಿ.ಮೀ. ಹತ್ತಿರ ಆಗುತ್ತದೆ. ಒಂದು ದಿನ ಅಣ್ಣಿಗೇರಿ ಹತ್ತಿರ ಚಹಾಕ್ಕೆ ನಿಲ್ಲಿಸಿದ್ದೆ. ಹಿಂದೆ ಬಂದ ಲಾರಿ ಡ್ರೈವರ್ ಇಳಿದು ಬಂದು, "ಸಾಹೇಬ್ರ, ನಿಮ್ಮ ಎಡಗಡೆ ಬ್ರೇಕ್ ಲೈಟ್ ಹತ್ತವಲ್ದು ನೋಡ್ರಿ. ನಾ ಇನ್ನೊಂಚೂರು ಲಕ್ಷ್ಯ ತಪ್ಪಿದ್ರ ನಿಮ್ಮ ಡಿಕ್ಕಿ ಒಳಗ ಇರ್ತಿದ್ದೆ" ಅಂದ. ಚಹಾದ ದುಡ್ಡು ನಾನೇ ಕೊಟ್ಟೆ.

ಬಲ್ಬ್ ಬದಲಿಸೋದು ಹೇಗೆ ಅಂತ ಇಲ್ಲಿ ಹೇಳೋಕೆ ಹೋಗಲ್ಲ. ಎರಡು ಸ್ಕ್ರೂ, ಲೈಟನ್ನು ನೇರ ಹಿಂದಕ್ಕೆ ಎಳೆಯೋದು, ಹೋಲ್ಡರ್ ತಿರುಗಿಸೋದು, ಬಲ್ಬ್ ಒತ್ತಿ ಎಡಕ್ಕೆ ತಿರುಗಿಸೋದು. ಎಲ್ಲರಿಗೂ ಗೊತ್ತಿರೋದೇ. ಗಾಜಿಗೆ ಕೈ ತಾಗಿಸಬಾರದು ಅಂತ ಕೆಲವರು ಹೆದರಿಸುತ್ತಾರೆ. ಅದು ಹೆಡ್‌ಲೈಟಿನ ಹ್ಯಾಲೋಜನ್‌ಗೆ ಸರಿ. ಈ 21/5 ವ್ಯಾಟ್ ಬಲ್ಬಿಗೆ (ಒಳಗೆ ಎರಡು ಫಿಲಮೆಂಟ್, ಬ್ರೇಕಿಗೆ 21, ಪಾರ್ಕಿಂಗ್ ಲೈಟಿಗೆ 5) ಅಷ್ಟೆಲ್ಲ ಮಡಿ ಬೇಕಿಲ್ಲ.

ಮೊದಲನೇ ಬಲ್ಬ್ 40 ರೂಪಾಯಿ ಇರಬೇಕು. ಹಾಕಿದೆ, ಹತ್ತಿತು. ಎರಡು ತಿಂಗಳಿಗೆ ಮತ್ತೆ ಕತ್ತಲು.

ಎರಡನೇ ಸಲ ಅವಸರದಲ್ಲಿ ಎಡವಟ್ಟು ಮಾಡಿಕೊಂಡೆ. ಅಂಗಡಿಯವನು ಒಂದೇ ಫಿಲಮೆಂಟಿನ ಬಲ್ಬ್ ಕೊಟ್ಟಿದ್ದ, ನಾನೂ ನೋಡಲಿಲ್ಲ. ಅದರ ಎರಡೂ ಪಿನ್ ಒಂದೇ ಎತ್ತರಕ್ಕೆ ಇರುತ್ತವೆ. ನಮಗೆ ಬೇಕಾದದ್ದು ಒಂದು ಮೇಲೆ, ಒಂದು ಕೆಳಗೆ ಇರೋದು. ಕೂರಲಿಲ್ಲ. ಬಿಗಿಯಾಗಿದೆ ಅಂದುಕೊಂಡು ಜೋರಾಗಿ ಒತ್ತಿ ತಿರುಗಿಸಿದೆ, ಕೂತೇಬಿಟ್ಟಿತು! ರಾತ್ರಿ ಉಣಕಲ್ ಕೆರೆ ಹತ್ತಿರ ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್, ಮೀಟರಿನ ಲೈಟ್ ಎಲ್ಲ ಹತ್ತುತ್ತಿವೆ. ಬಲ್ಬಿನ ತಳದ ಒಂದೇ ಗುಂಡು, ಹೋಲ್ಡರ್ ಒಳಗೆ ಕರೆಂಟ್ ಕೊಡುವ ಬ್ರೇಕಿನ ಪತ್ತಿ, ಪಾರ್ಕಿಂಗಿನ ಪತ್ತಿ ಎರಡನ್ನೂ ಮುಟ್ಟಿಕೊಂಡು ಕೂತಿತ್ತು. ತೆಗೆಯಲು ಹೋದರೆ ಗಾಜು ಒಡೆದು, ಹಿತ್ತಾಳೆ ಭಾಗ ಹೋಲ್ಡರ್‌ನಲ್ಲೇ ಉಳಿಯಿತು. ಮನೆಯ ಬಲ್ಬ್ ಒಡೆದರೆ ಆಲೂಗಡ್ಡೆ ಚುಚ್ಚಿ ತಿರುಗಿಸುತ್ತಾರಲ್ವಾ, ಅದನ್ನೂ ಮಾಡಿದೆ. ಇಲ್ಲಿ ಒತ್ತಿ ತಿರುಗಿಸಬೇಕು. ಒತ್ತಿದ ಕೂಡಲೇ ಆಲೂಗಡ್ಡೆ ಪಲ್ಯವಾಯಿತು. ಕೊನೆಗೆ ನೋಸ್ ಪ್ಲೈಯರ್‌ನಲ್ಲೇ ಬಂತು. ಹೋಲ್ಡರ್ ಒಳಗಿನ ಆಲೂಗಡ್ಡೆ ಕೆರೆಯಲು ಅರ್ಧ ಗಂಟೆ ಹಿಡಿಯಿತು.

ಮೂರನೇದು, ಸರಿಯಾದದ್ದೇ, ಒಂದೂವರೆ ತಿಂಗಳು ಬಂತು.

ಆಗ ಸಲಹೆಗಳು ಶುರುವಾದವು. ಹೆಂಡತಿಯ ತಮ್ಮ "ಮಾಮಾ, ಎಲ್‌ಇಡಿ ಹಾಕ್ರಿ, ಜನ್ಮಕ್ಕ ಹೋಗಂಗಿಲ್ಲ" ಅಂದ. ಜೋಡಿಗೆ 350 ಕೊಟ್ಟು ಹಾಕಿದೆ. ಬಿಳಿ ಎಲ್‌ಇಡಿ, ಕೆಂಪು ಗಾಜಿನ ಹಿಂದೆ ಗುಲಾಬಿ ಬಣ್ಣಕ್ಕೆ ಕಾಣುತ್ತಿತ್ತು, ಮದುವೆ ಮಂಟಪದ ಹಾಗೆ. ಎಡಗಡೆಯದು ಬ್ರೇಕ್ ಬಿಟ್ಟಾಗಲೂ ಇಂಡಿಕೇಟರ್ ಜೊತೆ ಮಿಣುಕುತ್ತಿತ್ತು. ಇದು ಮುಖ್ಯ ಸುಳಿವು. ನನಗೆ ಆಗ ಹೊಳೆಯಲಿಲ್ಲ. ಎಲ್‌ಇಡಿಯನ್ನೇ ಬೈದು ಕಿತ್ತುಹಾಕಿದೆ.

ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಐದು ನಿಮಿಷ ನೋಡಿ 200 ತಗೊಂಡು ಮತ್ತೊಂದು ಬಲ್ಬ್ ಹಾಕಿದ. ಅದು ಮೂರು ವಾರ ಬಂತು. ಎರಡನೇ ಸಲ ಹೋದಾಗ, "ಹಿಂದಿನ ವೈರಿಂಗ್ ಪೂರಾ ತಗೀಬೇಕ್ರಿ, ಲೈಟ್ ಸೆಟ್ಟೂ ಹೊಸಾದು ಹಾಕಬೇಕು" ಅಂದ. ಎಲ್ಲ ಸೇರಿ ಏಳು ಸಾವಿರದ ಹತ್ತಿರ ಹೇಳಿದ. ನಾನು ಮಾಡಿಕೊಳ್ಳುತ್ತೇನೆ ಅಂದದ್ದಕ್ಕೆ, "ಮಾಡ್ರಿ, ಆಮೇಲೆ ಇಲ್ಲೇ ಬರ್ತೀರಿ" ಅಂತ ನಕ್ಕ. ಆ ನಗು ಮನಸ್ಸಿನಲ್ಲಿ ಉಳಿಯಿತು.

ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಎಡಗಡೆ ಲೈಟ್ ಇಲ್ಲದೆ ಓಡಿಸೋಕೆ ನನಗೆ ಧೈರ್ಯವಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗೆ ಆ ರಸ್ತೆಯಲ್ಲಿ ಎಂತೆಂಥ ಅಪಘಾತ ಆಗಿವೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಭಾನುವಾರ ಮಲ್ಟಿಮೀಟರ್ ಹುಡುಕುತ್ತಾ ಡ್ರಾಯರ್ ತೆಗೆದೆ. ತೆಗೆದ ಬಲ್ಬ್‌ಗಳನ್ನು ನಾನು ಬಿಸಾಕಲ್ಲ, ಅದೊಂದು ಚಟ. ಅಲ್ಲಿ ಎಡಗಡೆಯವೇ ನಾಲ್ಕು ಬಿದ್ದಿದ್ದವು. ಕಾರಿನ ಜೊತೆ ಬಂದದ್ದು, ನಾನು ಹಾಕಿದ ಎರಡು, ಎಲೆಕ್ಟ್ರಿಷಿಯನ್ ಹಾಕಿದ್ದೊಂದು. ಸುಮ್ನೆ ಒಂದೊಂದಕ್ಕೂ ಮೀಟರ್ ಹಿಡಿದೆ. ಮೂರು ಬಲ್ಬ್ ಚೆನ್ನಾಗಿಯೇ ಇವೆ! ಕಾರಿನ ಜೊತೆ ಬಂದದ್ದು ಮಾತ್ರ ನಿಜವಾಗಿ ಸುಟ್ಟಿತ್ತು. ಉಳಿದವುಗಳ ತಳದ ಸೀಸದ ಗುಂಡು ಒಂದು ಕಡೆ ಕರಗಿ ಚಪ್ಪಟೆಯಾಗಿ ಕಪ್ಪಾಗಿತ್ತು.

ಅಂದರೆ ಇಷ್ಟು ದಿನ ಸಾಯದ ಬಲ್ಬಿಗೆ ತಿಥಿ ಮಾಡಿದ್ದೆ.

ಹೋಲ್ಡರ್ ತೆಗೆದು ಬೆಳಕಿಗೆ ಹಿಡಿದೆ. ಒಳಗಿನ ಬ್ರೇಕಿನ ಪತ್ತಿ ಕೆಳಗೆ ಕೂತುಬಿಟ್ಟಿದೆ, ಮೇಲೆ ಹಸಿರು ಕಿಲುಬು. ಹೊಸ ಬಲ್ಬ್ ತಿರುಗಿಸುವಾಗ ಆ ಕಿಲುಬು ಸ್ವಲ್ಪ ಕೆರೆದುಹೋಗಿ ಕೆಲ ದಿನ ಹತ್ತುತ್ತಿತ್ತು. ಆಮೇಲೆ ರಸ್ತೆಯ ಕುಲುಕಿಗೆ ಪತ್ತಿ ಬಿಟ್ಟು ಹಿಡಿದು, ಕಿಡಿಯಾಗಿ, ಸೀಸ ಕರಗಿ ಮತ್ತೆ ಅದೇ ಕಥೆ. 21 ವ್ಯಾಟ್ ಅಂದರೆ ಒಂದೂ ಮುಕ್ಕಾಲು ಆಂಪಿಯರ್ ಹತ್ತಿರ. ಸಡಿಲ ಜಾಗದಲ್ಲಿ ಅಷ್ಟು ಸಾಕು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಎಲ್‌ಇಡಿಯ ಮಿಣುಕು ಆಗ ನೆನಪಾಯಿತು. ಇಂಡಿಕೇಟರ್ ಜೊತೆ ಮಿಣುಕುತ್ತದೆ ಅಂದರೆ ಎರಡಕ್ಕೂ ಸೇರಿದ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಕೆಟ್ಟಿರಬೇಕು. ಹಳೇ ಟೇಬಲ್ ಫ್ಯಾನಿನ ವೈರನ್ನು ಬ್ಯಾಟರಿಯ ನೆಗೆಟಿವ್‌ನಿಂದ ಡಿಕ್ಕಿವರೆಗೆ ಎಳೆದೆ. ಬ್ರೇಕ್ ಒತ್ತಲು ಯಾರೂ ಬರಲಿಲ್ಲ, ಪೆಡಲ್‌ಗೂ ಸೀಟಿಗೂ ನಡುವೆ ಕೊಡೆ ಸಿಕ್ಕಿಸಿದೆ. ಹೋಲ್ಡರ್‌ನ ಅರ್ಥಿಂಗ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಸೊನ್ನೆ ಹತ್ತಿರ ಇರಬೇಕಾದದ್ದು ಎಡಗಡೆ 2 ವೋಲ್ಟ್ ಹತ್ತಿರ ತೋರಿಸಿತು. ಬಲಗಡೆ 0.1. ಎಂಜಿನ್ ಚಾಲೂ ಮಾಡಿ ಚಾರ್ಜಿಂಗ್ ನೋಡಿದೆ, 14 ಚಿಲ್ಲರೆ, ಅದು ಸರಿಯಾಗಿಯೇ ಇತ್ತು. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಅರ್ಥಿಂಗ್ ಬೋಲ್ಟ್ ತುಕ್ಕಿನಲ್ಲಿ ಮುಳುಗಿತ್ತು.

ನೀರು ಎಲ್ಲಿಂದ ಬಂತು? ಇಲ್ಲೊಂದು ಪ್ರಯೋಗ ಮಾಡಿದೆ. ಲೈಟಿನ ಹಿಂದೆ, ಒಳಗಿನಿಂದ, ತಗಡಿಗೆಲ್ಲ ವಿಭೂತಿ ಪುಡಿ ಉದುರಿಸಿ ಹೊರಗಿನಿಂದ ಚೊಂಬಿನಲ್ಲಿ ನೀರು ಸುರಿದೆ. ವಿಭೂತಿಯ ಮೇಲೆ ನೀರಿನ ದಾರಿ ಗೆರೆ ಎಳೆದಂತೆ ಕಂಡಿತು. ಲೈಟಿನ ಮೇಲಿನ ಮೂಲೆ, ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟ ಜಾಗ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಹಣಿಗೆ ಹಚ್ಕೋ ಅಂದ್ರ ಹಚ್ಚಂಗಿಲ್ಲ, ಕಾರಿಗೆ ಹಚ್ಚಾಕತ್ತಾನ" ಅಂದರು.

ಕೆಲಸ ಮಾತ್ರ ಒಂದೂವರೆ ಗಂಟೆಯದು. ಬ್ಯಾಟರಿ ಬಿಚ್ಚಿಟ್ಟೆ. ಬೋಲ್ಟಿನ ಜಾಗವನ್ನು ಸ್ಯಾಂಡ್ ಪೇಪರ್‌ನಲ್ಲಿ ಬಿಳಿ ತಗಡು ಕಾಣುವವರೆಗೆ ಉಜ್ಜಿದೆ. ಹೋಲ್ಡರ್‌ನ ಅರ್ಥಿಂಗ್‌ಗೆ ಒಂದು ಗಜ ಹೊಸ ವೈರ್ ಬೆಸುಗೆ ಹಾಕಿ, ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಬಳೆ) ಒತ್ತಿ ಅಲ್ಲಿಗೆ ಬಿಗಿದೆ, ಮೇಲೆ ಗ್ರೀಸ್. ಕೂತಿದ್ದ ಪತ್ತಿಯನ್ನು ಕೆರೆದು ಮೇಲೆತ್ತಿದೆ. ಯಾವುದರಿಂದ ಎತ್ತಿದೆ ಅಂತ ಹೇಳಲ್ಲ. ಹೆಂಡತಿ ಇದನ್ನು ಓದುತ್ತಾಳೆ, ಸಾಮಾನು ಅವಳ ಡಬ್ಬಿಯದು. ಗ್ಯಾಸ್ಕೆಟ್‌ಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದೆ. ಟ್ಯೂಬ್ ಮತ್ತು ತಗಡಿನ ನಡುವೆ ಏನು ಹಚ್ಚಿದೆ ಅನ್ನೋದೂ ನನ್ನ ಹತ್ತಿರವೇ ಇರಲಿ. ಎರಡು ಮೂರು ಬಗೆ ಹಚ್ಚಿ ನೋಡಿ ಕಂಡುಕೊಂಡದ್ದು ಅದು.

ಖರ್ಚು ವೈರ್, ಲಗ್, ಪೇಪರ್ ಸೇರಿ 90 ರೂಪಾಯಿ ಒಳಗೇ. ಅದಕ್ಕೂ ಮೊದಲು ನೀರಿಗೆ ಹಾಕಿದ್ದು ಆರುನೂರಕ್ಕೂ ಹೆಚ್ಚು. ಬಲ್ಬ್ ಹೊಸದು ತರಲೇ ಇಲ್ಲ. ಡ್ರಾಯರ್‌ನಲ್ಲಿದ್ದ "ಸತ್ತ" ಬಲ್ಬ್‌ಗಳಲ್ಲಿ ಒಂದರ ಗುಂಡಿಗೆ ಸೀಸ ಏರಿಸಿ ಅದನ್ನೇ ಹಾಕಿದ್ದೇನೆ. ಅದೇ ಈಗ ಹದಿನಾಲ್ಕು ತಿಂಗಳಿಂದ ಹತ್ತುತ್ತಿರೋದು. ಬಿಆರ್‌ಟಿಎಸ್ ಬಸ್ ನನ್ನ ಹಿಂದೆ ಬಂದು ನಿಂತಾಗ ಅದರ ಮುಂದಿನ ಗಾಜಿನಲ್ಲಿ ನನ್ನ ಎರಡು ಕೆಂಪು ಲೈಟ್ ನೋಡಿಕೊಳ್ಳೋದು ಅಭ್ಯಾಸವಾಗಿದೆ. ಸುಮ್ಮನೆ ಇನ್ನೊಮ್ಮೆ ಬ್ರೇಕ್ ಒತ್ತುತ್ತೇನೆ.

ಹೆಂಡತಿಯ ತಮ್ಮ ಹೋದ ತಿಂಗಳು ತನ್ನ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಬಲಗಡೆ ಬ್ರೇಕ್ ಲೈಟ್ ಇಲ್ಲ. "ಮಾಮಾ, ಆ ಟ್ಯೂಬಿಗೆ ಏನ ಹಚ್ಚೀರಿ?" ಅಂದ. ಮೊದಲು ಬಲ್ಬ್ ತೆಗೆದು ಮೀಟರ್ ಹಿಡಿ ಅಂದೆ.

ನನ್ನ ಕಾರಿನಲ್ಲಿ ಈಗ ಮೇಲಿನ ಮೂರನೇ ಬ್ರೇಕ್ ಲೈಟ್ ಡಿಕ್ಕಿ ಬಾಗಿಲು ಎತ್ತಿದಾಗ ಮಾತ್ರ ಹತ್ತುತ್ತದೆ. ಕೀಲಿನ ಹತ್ತಿರ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿರಬೇಕು. ಬರೋ ಭಾನುವಾರ ಅದನ್ನು ಬಿಚ್ಚುತ್ತೇನೆ.