ಅತ್ತೆ, ಸೊಸೆ, ಕೊಟ್ಟ ಮಗಳು: ಪುಣೆಯಲ್ಲಿ ಜೊಲ್ಲು ಕೂಡಿಸಿದ ಅನುಭವ

ನಮ್ಮ ಬಾಯಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ ನಮ್ಮ ಜೀನ್‌ಗಳ ಹಿಡಿತ ಎಷ್ಟು ಎಂದು ತಿಳಿಯಬೇಕಾದರೆ ಮೊದಲು ಅಡುಗೆಮನೆಯ ಲೆಕ್ಕ ಚುಕ್ತಾ ಮಾಡಬೇಕು. ತಾಯಿ-ಮಗಳ ಬಾಯಲ್ಲಿ ಒಂದೇ ಥರದ್ದು ಸಿಕ್ಕಿತು ಅನ್ನಿ. ಅದು ರಕ್ತದಿಂದ ಬಂತೋ, ಒಂದೇ ತಾಟಿನಲ್ಲಿ ಉಂಡದ್ದರಿಂದ ಬಂತೋ? ಇದನ್ನು ಬಿಡಿಸಲು ಸಂಶೋಧಕರು ಅವಳಿ ಮಕ್ಕಳನ್ನು ಹುಡುಕುತ್ತಾರೆ. ನನಗೆ ಅಷ್ಟು ಅವಳಿಗಳು ಎಲ್ಲಿ ಸಿಗಬೇಕು? ಸಿಕ್ಕವರು ಸೊಸೆಯಂದಿರು. ಸೊಸೆಗೆ ಅತ್ತೆಯ ಒಲೆ ಒಂದೇ, ರಕ್ತ ಬೇರೆ. ಕೊಟ್ಟ ಮಗಳಿಗೆ ರಕ್ತ ಒಂದೇ, ಒಲೆ ಬೇರೆ. ಮೂವರೂ ಜೊಲ್ಲು ಕೊಟ್ಟರೆ ಹೋಲಿಸಲು ಬರುತ್ತದೆ.

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯ ಹಡಪಸರ, ಪಿಂಪ್ರಿಯಲ್ಲಿ ನೆಲೆಸಿದ ಮನೆಗಳಿಗೆ ಹೋದೆ. ಒಪ್ಪಿಗೆ ಪತ್ರದ ಕನ್ನಡ ಪ್ರತಿ ನಾನೇ ಬರೆದದ್ದು. ಆದರೂ ಒಬ್ಬ ಅಜ್ಜಿ, "ಎಂಜಲಾ ಒಯ್ದು ಏನ್ ಮಾಡ್ತಿಯೋ ತಮ್ಮಾ?" ಎಂದು ಬಾಗಿಲಲ್ಲೇ ನಿಲ್ಲಿಸಿದರು. ಆಗ ಬಾಯಿಮಾತು ಬಿಟ್ಟು ಕೈಗೆ ಕೆಲಸ ಕೊಟ್ಟೆ. ಅನ್ನ ಬಸಿದ ಗಂಜಿಯನ್ನು ಆರಿಸಿ, ನೀರು ಬೆರೆಸಿ, ಎರಡು ಬಟ್ಟಲಿಗೆ ಹಾಕಿ, ಒಂದೊಂದು ಹನಿ ಟಿಂಚರ್ ಅಯೋಡಿನ್ ಬಿಟ್ಟೆ. ಎರಡೂ ಕಡುನೀಲಿ. ಒಂದಕ್ಕೆ ಮೊಮ್ಮಗ ಉಗುಳಿ ಕಲಕಿದ. ನೋಡನೋಡುತ್ತ ನೀಲಿ ಇಳಿದು ಕಂದಾಗಿ, ಕೊನೆಗೆ ತೆಳು ಹಳದಿಗೆ ಬಂತು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಕತ್ತರಿಸುವ ಬಗೆ ಅದು. ಆಮೇಲೆ ಅಜ್ಜಿಯೇ, "ನಂದೂ ಹಾಕಿ ನೋಡು" ಅಂದರು. ಯಾರದು ಬೇಗ ಬಣ್ಣ ಕಳೆಯಿತು ಎಂಬುದರಿಂದ ಜೀನ್ ಅಳೆಯಲಾಗದು, ಹೊತ್ತು, ಊಟ, ಗಾಬರಿ ಎಲ್ಲವೂ ಜೊಲ್ಲನ್ನು ಬದಲಿಸುತ್ತವೆ. ಇದನ್ನು ಎಷ್ಟು ಹೇಳಿದರೂ ಮಕ್ಕಳು ಪಂದ್ಯ ಕಟ್ಟುವುದು ಬಿಡಲಿಲ್ಲ.

ಆ ಅಮೈಲೇಸ್ ಮಾಡುವ ಜೀನ್ ಎಎಂವೈ1. ವಿಶೇಷವೆಂದರೆ ಕೆಲವರಲ್ಲಿ ಅದರ 2 ಪ್ರತಿ, ಕೆಲವರಲ್ಲಿ 15ಕ್ಕೂ ಹೆಚ್ಚು. ಪಿಷ್ಟ ಹೆಚ್ಚು ಉಣ್ಣುವ ಜನಾಂಗಗಳಲ್ಲಿ ಪ್ರತಿಗಳೂ ಹೆಚ್ಚು ಎಂದು 2007ರಲ್ಲೇ ತೋರಿಸಿದ್ದರು. ಅಮೈಲೇಸ್ ಹೆಚ್ಚಿದ್ದರೆ ಹಲ್ಲಿನ ಸಂದಿಯಲ್ಲಿ ಉಳಿದ ಅನ್ನ-ರೊಟ್ಟಿ ಬೇಗ ಮಾಲ್ಟೋಸ್ ಎಂಬ ಸಕ್ಕರೆಯಾಗುತ್ತದೆ; ಅದು ಬ್ಯಾಕ್ಟೀರಿಯಾಗಳಿಗೆ ಮೇವು. ಸ್ಟ್ರೆಪ್ಟೋಕಾಕಸ್ ಗೊರ್ಡೋನೈ ಎಂಬ ಬಾಯಿಯ ಬ್ಯಾಕ್ಟೀರಿಯಾ ಅಂತೂ ಅಮೈಲೇಸನ್ನೇ ಮೈಗೆ ಅಂಟಿಸಿಕೊಳ್ಳುತ್ತದೆ. ಇನ್ನೊಂದು ಜೀನ್ ಎಫ್‌ಯುಟಿ2. ಎ, ಬಿ ರಕ್ತಗುಂಪಿನ ಗುರುತಾದ ಸಕ್ಕರೆಗಳು ಜೊಲ್ಲಿನಲ್ಲೂ ಬರುವುದು ಇದರಿಂದ. ತಾಯಿಯಿಂದ, ತಂದೆಯಿಂದ ಬಂದ ಎರಡೂ ಪ್ರತಿ ಕೆಟ್ಟಿದ್ದರೆ ಬರುವುದಿಲ್ಲ, ಆ ಸಕ್ಕರೆ ಹಿಡಿದು ಕೂರುವ ಬ್ಯಾಕ್ಟೀರಿಯಾಗಳಿಗೆ ನೆಲೆ ತಪ್ಪುತ್ತದೆ.

ಜೊಲ್ಲು ಕೊಡುವುದಕ್ಕೂ ಕ್ರಮ ಉಂಟು. ಅರ್ಧ ತಾಸು ಮೊದಲಿಂದ ಚಹಾ, ಎಲೆ-ಅಡಿಕೆ ಏನೂ ಇಲ್ಲ. ಕ್ಯಾಕರಿಸಬಾರದು, ತಲೆ ಬಗ್ಗಿಸಿ ತಾನಾಗಿ ಇಳಿಯಲು ಬಿಡಬೇಕು. ನೊರೆ ಲೆಕ್ಕಕ್ಕಿಲ್ಲ. ವಯಸ್ಸಾದವರ ಬಾಯಿ ಒಣಗಿರುತ್ತದೆ. ಹುಣಸೆಹಣ್ಣಿನ ಮಾತೆತ್ತಿದರೆ ಬರುತ್ತದೆ, ತಿನ್ನಿಸುವಂತಿಲ್ಲ.

ಲ್ಯಾಬಿನಲ್ಲಿ ತಲೆನೋವೆಂದರೆ ಒಂದೇ ಕೊಳವೆಯಲ್ಲಿ ಮನುಷ್ಯನ ಡಿಎನ್‌ಎ, ಬ್ಯಾಕ್ಟೀರಿಯಾದ ಡಿಎನ್‌ಎ ಎರಡೂ ಇರುವುದು. ನಮ್ಮ ಜೀವಕೋಶ ಸುಲಭಕ್ಕೆ ಒಡೆಯುತ್ತದೆ. ಸ್ಟ್ರೆಪ್ಟೋಕಾಕಸ್ ಗೋಡೆ ದಪ್ಪ. ಕಿಟ್‌ನಲ್ಲಿ ಬರೆದಷ್ಟೇ ಮಾಡಿದರೆ ಆ ಬ್ಯಾಕ್ಟೀರಿಯಾಗಳು ಒಡೆಯದೆ ಉಳಿದು, ಬಾಯಲ್ಲೇ ಇಲ್ಲವೇನೋ ಎಂಬಂತೆ ಫಲಿತಾಂಶ ಬರುತ್ತದೆ. ಅದಕ್ಕೇ ಬ್ಯಾಕ್ಟೀರಿಯಾದ ಗೋಡೆ ಕರಗಿಸುವ ಲೈಸೋಜೈಮ್ ಎಂಬ ಕಿಣ್ವ ಹಾಕಿಟ್ಟು, ಆಮೇಲೆ ಸಣ್ಣ ಮಣಿಗಳ ಜೊತೆ ಜೋರಾಗಿ ಅಲುಗಿಸುತ್ತೇನೆ. ಬ್ಯಾಕ್ಟೀರಿಯಾ ಗುರುತಿಸಲು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಜೀನ್ ಓದುತ್ತೇನೆ; ಎಎಂವೈ1 ಪ್ರತಿ ಎಣಿಸಲು ಡಿಜಿಟಲ್ ಪಿಸಿಆರ್, ಅಂದರೆ ಡಿಎನ್‌ಎಯನ್ನು ಸಾವಿರಾರು ಸಣ್ಣ ಹನಿಗಳಲ್ಲಿ ಹಂಚಿ ಎಣಿಸುವ ವಿಧಾನ. ಮಾಮೂಲಿ ಪಿಸಿಆರ್‌ನಲ್ಲಿ 8 ಪ್ರತಿ ಯಾವುದು, 9 ಯಾವುದು ಎಂದು ನಂಬಿಕೆಯಿಂದ ಹೇಳಲು ಆಗುವುದಿಲ್ಲ.

ನನ್ನ ಯೋಜನೆಗೆ ಕಲ್ಲು ಬಿದ್ದದ್ದು ಲ್ಯಾಬಿನಲ್ಲಲ್ಲ. "ಸೊಸಿ ಯಾವೂರಾಕಿ ರೀ?" ಎಂದು ಒಬ್ಬರನ್ನು ಕೇಳಿದರೆ, "ಊರ್ ಏನ್ ಕೇಳ್ತಿ, ನಮ್ಮಣ್ಣನ ಮಗಳ ಆಕಿ" ಅಂದರು. ಸೋದರತ್ತೆ-ಸೊಸೆ ಎಂದರೆ ಸುಮಾರು ಕಾಲುಪಾಲು ಜೀನ್ ಒಂದೇ! ಇನ್ನೊಂದು ಮನೆಯಲ್ಲಿ ಮಗನಿಗೆ ಅಕ್ಕನ ಮಗಳನ್ನೇ ತಂದಿದ್ದರು. ಅಲ್ಲಿ ಅತ್ತೆಯೇ ಅಜ್ಜಿ. ಅಂಥ ಮನೆಗಳನ್ನು ಬೇರೆ ಗುಂಪಿಗೆ ಹಾಕಿದೆ. ತಂಬಾಕು ತಿನ್ನುವವರನ್ನೂ, ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಲ್ಲಿಗೆ ಹಚ್ಚುವವರನ್ನೂ ಬೇರೆ ಮಾಡಬೇಕಾಯಿತು.

ಉಳಿದ ಮನೆಗಳಲ್ಲಿ ಕಂಡದ್ದು ಹೆಚ್ಚಾಗಿ ಒಲೆಯ ಪ್ರಭಾವವೇ; ಕೊಟ್ಟ ಮಗಳಿಗಿಂತ ಸೊಸೆಯ ಬಾಯಿ ಅತ್ತೆಯದಕ್ಕೆ ಹತ್ತಿರ. ಇದರಿಂದ ಜೀನ್ ಕೆಲಸ ಮಾಡುವುದಿಲ್ಲ ಎಂದಾಗದು. ಬೇರೆ ಉದ್ದೇಶಕ್ಕೆ ಕೂಡಿಸಿದ್ದ 12,000ಕ್ಕೂ ಹೆಚ್ಚು ಜನರ ಜೊಲ್ಲಿನ ಡಿಎನ್‌ಎಯನ್ನು ಅಮೆರಿಕದಲ್ಲಿ ಈಚೆಗೆ ಮತ್ತೆ ಓದಿದಾಗ, ಮನುಷ್ಯನ ಜೀನೋಮಿನ 11 ತಾಣಗಳಿಗೂ ಬಾಯಿಯ ಬ್ಯಾಕ್ಟೀರಿಯಾಗಳಿಗೂ ನಂಟು ಕಂಡಿದೆ. ಎಎಂವೈ1, ಎಫ್‌ಯುಟಿ2 ಎರಡೂ ಅದರಲ್ಲಿವೆ. ಅಷ್ಟು ಸಣ್ಣ ಪರಿಣಾಮ ನನ್ನ ಹತ್ತಾರು ಮನೆಗಳಲ್ಲಿ ಕಾಣದು. ಹಾಗಾಗಿ "ನಮ್ಮ ಮನಿತನದ ಹಲ್ಲ ಹಿಂಗ, ಏನ್ ಮಾಡೂದು" ಎನ್ನುವವರಿಗೆ ಒಂದೇ ಉತ್ತರ ಕೊಡುತ್ತೇನೆ: ಮನೆತನ ಇರಬಹುದು, ಮೊದಲು ರಾತ್ರಿ ಬ್ರಶ್ ಮಾಡ್ರಿ.

ಈಗ ಫಾರ್ಮಿನ ಮೊದಲ ಪುಟದಲ್ಲೇ ಕೇಳುತ್ತೇನೆ: ಸೋದರಿಕೆಯ ಸಂಬಂಧವೇ, ಮದುವೆಯಾಗಿ ಎಷ್ಟು ವರ್ಷ, ಅಡುಗೆ ಒಟ್ಟಿಗೋ ಬೇರೆಯೋ. ಮೂರನೆಯದನ್ನು ಅತ್ತೆ ಎದುರಿಗಿಲ್ಲದಾಗ ಕೇಳುವುದು ಒಳ್ಳೆಯದು.